ಎಡಗಡೆಯಿಂದ ಬಂದ ಸೈಕಲ್ಲು

ನಿಧಾನಪ್ಪ ಎಂಬ ಅಡ್ಡಹೆಸರು ಇಟ್ಟವರು ವಿಶ್ವವಿದ್ಯಾಲಯದ ಕುಲಸಚಿವರೇ. ಒಂದು ದಿನ ಸಭೆಗೆ ಹೊತ್ತಾಗಿ, ಕಾರಿನ ಹಿಂದಿನ ಸೀಟಿನಲ್ಲಿ ಗಡಿಯಾರ ನೋಡಿ ನೋಡಿ ಸಾಕಾಗಿ, "ಏನಪ್ಪಾ ನಿಧಾನಪ್ಪ, ಇವತ್ತೇ ತಲುಪ್ತೀವೋ, ಇಲ್ಲಾ ಹಾಸಿಗೆ ತರಿಸ್ಲೋ?" ಎಂದರು. "ಇವತ್ತೇ ತಲುಪ್ತೀವಿ ಸರ್, ಇಬ್ಬರೂ ತಲುಪ್ತೀವಿ," ಎಂದು ಡ್ರೈವರು ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದ. ಆ ಮಾತು ಮೋಟಾರು ವಿಭಾಗದ ಷೆಡ್ಡಿನಿಂದ ಹೊರಟು ಸಂಜೆಯೊಳಗೆ ಗ್ರಂಥಾಲಯ ಮುಟ್ಟಿತು. ಅವತ್ತಿನಿಂದ ಅವನು ಎಲ್ಲರಿಗೂ ನಿಧಾನಪ್ಪನೇ. ಗ್ರಂಥಾಲಯದ ಬೈಂಡಿಂಗ್ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದ ಅವನ ಹೆಂಡತಿಗೂ ಕೋಪ ಬಂದಾಗ ಅದೇ ಹೆಸರು ಬಾಯಿಗೆ ಬರುತ್ತಿತ್ತು.

ಇಪ್ಪತ್ತಾರು ವರ್ಷದಲ್ಲಿ ಅವನ ಕೈಯಲ್ಲಿದ್ದ ಯಾವ ಗಾಡಿಗೂ ಒಂದು ಗೀರು ಬಿದ್ದಿರಲಿಲ್ಲ. ಬೇರೆ ಡ್ರೈವರುಗಳು ಅವನನ್ನು ಆಡಿಕೊಂಡು ನಗುತ್ತಿದ್ದರೂ, ತಮ್ಮ ಮನೆಯ ಬಾಣಂತಿಯನ್ನು ಆಸ್ಪತ್ರೆಯಿಂದ ಕರೆತರಬೇಕಾದಾಗ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು.

ಅವನ ಐವತ್ತನಾಲ್ಕನೇ ವಯಸ್ಸಿನಲ್ಲಿ ಕುಲಸಚಿವರ ಕಾರು ಹೋಯಿತು. ಅದಕ್ಕೆ ಕಾರಣ ಭೂಗೋಳ ವಿಭಾಗದ ಅಧ್ಯಾಪಕಿ. ಸಣ್ಣ ಆಳು, ದೊಡ್ಡ ದನಿ. ಆಕೆ ಮೂರು ದಿನ ಬೆಳಗ್ಗೆ ಮುಖ್ಯ ಗೇಟಿನ ಹತ್ತಿರ ಪುಸ್ತಕ ಪೆನ್ನು ಹಿಡಿದು ನಿಂತು, ಒಳಗೆ ಬರುವ ಕಾರುಗಳನ್ನೂ ಅವುಗಳಲ್ಲಿರುವ ತಲೆಗಳನ್ನೂ ಎಣಿಸಿದರು. ನೂರು ಕಾರಿನಲ್ಲಿ ಎಂಬತ್ತೇಳರಲ್ಲಿ ಒಂದೇ ತಲೆ. "ಒಬ್ಬರು ಓದಿಸೋಕೆ ಬರ್ತಾರೆ, ನಾಲ್ಕು ಖಾಲಿ ಸೀಟು ಅವರ ಜೊತೆ ಹೊಗೆ ಬಿಡೋಕೆ ಬರುತ್ತೆ. ಮಕ್ಕಳಿಗೆ ಗಾಳಿ ಬಗ್ಗೆ ಪಾಠ ಹೇಳೋಕೆ ನಮಗೆ ನಾಚಿಕೆ ಆಗಬಾರದಾ?" ಎಂದು ಸಭೆಯಲ್ಲಿ ಎದ್ದು ಕೇಳಿದರು.  ಆರು ತಿಂಗಳಲ್ಲಿ ಹೊಸ ಪ್ರಯಾಣ ಯೋಜನೆ ಬಂತು. ಆಡಳಿತ ಕಟ್ಟಡದ ಮುಂದೆ ಕಾರು ನಿಲ್ಲಿಸುವ ಜಾಗಕ್ಕೆ ಗಿಡದ ಕುಂಡಗಳು ಬಂದವು. ಸಿಬ್ಬಂದಿ ಬಸ್ಸು ಎರಡಿದ್ದದ್ದು ಆರಾಯಿತು. ಎರವಲು ಕೊಡಲು ಇನ್ನೂರು ಸೈಕಲ್ಲು, ಬೆವರಿ ಬಂದವರಿಗೆ ನೆಲಮಾಳಿಗೆಯಲ್ಲಿ ಸ್ನಾನದ ಕೋಣೆ. ರೈಲು ಒಂದು ಹಗಲಲ್ಲಿ ಮುಟ್ಟಿಸುವ ಊರಿಗೆ ಇನ್ನು ಯಾರೂ ವಿಮಾನದಲ್ಲಿ ಹೋಗುವಂತಿಲ್ಲ. ಅಧಿಕಾರಿಗಳ ಹನ್ನೊಂದು ಕಾರುಗಳಲ್ಲಿ ಮೂರು ಮಾತ್ರ ಉಳಿದವು.

ಕುಲಸಚಿವರು ಮೊದಲ ದಿನ ಗೇಟಿನಿಂದ ಕಚೇರಿಯವರೆಗೆ ಇನ್ನೂರು ಹೆಜ್ಜೆ ದೂರ ಸೈಕಲ್ ತುಳಿದು, ಫೋಟೋ ಹೊಡೆಸಿಕೊಂಡು, ಅರ್ಧ ಗಂಟೆ ಏದುಸಿರು ಬಿಡುತ್ತಾ ಫ್ಯಾನಿನ ಕೆಳಗೆ ಕೂತರು. ಆದರೆ ಕಾರು ಬಿಡುತ್ತೇನೆಂದು ಕೊಟ್ಟ ಮಾತಿಗೆ ತಪ್ಪಲಿಲ್ಲ. ಮಾರನೆಯ ದಿನದಿಂದ ಬಸ್ಸಿನಲ್ಲಿ ಬಂದರು. ನಾಲ್ಕನೇ ನಂಬರಿನ ಬಸ್ಸಿನಲ್ಲಿ. ಅದರ ಸ್ಟೀರಿಂಗು ನಿಧಾನಪ್ಪನ ಕೈಗೆ ಬಂದಿತ್ತು.

"ನಿಧಾನಪ್ಪನ ಬಸ್ಸಲ್ಲಿ ತುಂಬಿದ ಕಾಫಿ ಲೋಟ ಹಿಡ್ಕೊಂಡು ಹೋಗ್ಬಹುದು, ಒಂದು ಹನಿ ಚೆಲ್ಲಲ್ಲ," ಎಂದು ಜನ ಹೇಳಿಕೊಂಡರು. ನಲವತ್ತೆರಡು ಸೀಟುಗಳೂ ತುಂಬತೊಡಗಿದವು. ಮೊದಲ ಸೀಟು ಪರೀಕ್ಷಾ ವಿಭಾಗದ ಗುಮಾಸ್ತನಿಗೆ ಕಾಯಂ. ಅವನು ಪತ್ರಿಕೆಯ ಪದಬಂಧ ಬಿಡಿಸುತ್ತಾ, ಮೂರಕ್ಷರದ ಹಕ್ಕಿ ಯಾವುದು, ನಾಲ್ಕಕ್ಷರದ ರೋಗ ಯಾವುದು ಎಂದು ಇಡೀ ಬಸ್ಸಿಗೇ ಕೇಳುತ್ತಿದ್ದ. ಬಾಗಿಲ ಪಕ್ಕದ ಸೀಟಿನಲ್ಲಿ ಹೆಂಡತಿ, ಮಡಿಲಲ್ಲಿ ಊಟದ ಡಬ್ಬಿ ಇಟ್ಟುಕೊಂಡು.

ಎಲ್ಲ ಸರಿಯಿತ್ತು. ಸೈಕಲ್ಲುಗಳನ್ನು ಬಿಟ್ಟರೆ.

ಎರಡನೆಯ ವಾರದಲ್ಲಿ ಅದು ಮೊದಲ ಸಲ ಆಯಿತು. ಕ್ಯಾಂಪಸ್ಸಿನ ಒಳರಸ್ತೆ ಖಾಲಿಯಿತ್ತು. ಅವನು ಸ್ವಲ್ಪ ಎಡಕ್ಕೆ ಸರಿಯಲು ಹೊರಟ. ಅಷ್ಟರಲ್ಲಿ ಎಡಗಡೆಯ ಬಾಗಿಲಿನ ಪಕ್ಕದಲ್ಲೇ, ಅಲ್ಲಿ ಕೂತವರು ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಒಬ್ಬ ಪ್ರಾಧ್ಯಾಪಕ ಸೈಕಲ್ ತುಳಿಯುತ್ತಿದ್ದ. ಆತ ಹಿಂದಿನಿಂದ ಬರಲಿಲ್ಲ, ಅಡ್ಡದಾರಿಯಿಂದಲೂ ಬರಲಿಲ್ಲ. ಇರಲಿಲ್ಲ, ಆಮೇಲೆ ಇದ್ದ.  ನಿಧಾನಪ್ಪ ಸ್ಟೀರಿಂಗನ್ನು ಮೆಲ್ಲಗೆ ಬಲಕ್ಕೆ ತಂದ. ಯಾರಿಗೂ ಏನೂ ಗೊತ್ತಾಗಲಿಲ್ಲ. ಪ್ರಾಧ್ಯಾಪಕ ಕೈಯೆತ್ತಿ ನಮಸ್ಕಾರವನ್ನೂ ಹೇಳಿದ.

ಎರಡು ದಿನ ಬಿಟ್ಟು ಮತ್ತೆ ಹಾಗೇ ಆಯಿತು. ಆಮೇಲೆ ವಾರಕ್ಕೆ ಮೂರು ಸಲ, ನಾಲ್ಕು ಸಲ. ಮೊದಲು ಆ ರಸ್ತೆಯಲ್ಲಿ ಕಾರುಗಳಿದ್ದವು. ಕಾರು ದೊಡ್ಡದು, ಸದ್ದು ಮಾಡುತ್ತದೆ, ಎದುರಿಗೋ ಹಿಂದೋ ಇರುತ್ತದೆ. ಸೈಕಲ್ಲು ಅಂಚಿನಲ್ಲಿ ಇರುತ್ತದೆ, ಸದ್ದಿಲ್ಲದೆ ಇರುತ್ತದೆ. ಯೋಜನೆ ಚೆನ್ನಾಗಿ ನಡೆದಷ್ಟೂ ಅವು ಹೆಚ್ಚುತ್ತಿದ್ದವು. ಭೂಗೋಳದ ಮೇಡಂ ಸೂಚನಾ ಫಲಕದಲ್ಲಿ ಪ್ರತಿ ಸೋಮವಾರ ಹೊಸ ಲೆಕ್ಕ ಹಚ್ಚುತ್ತಿದ್ದರು: ಈ ವಾರ ನೂರಾ ಹತ್ತು ಸೈಕಲ್ ಸವಾರರು, ಈ ವಾರ ನೂರಾ ನಲವತ್ತು. ಜನ ಓದಿ ಖುಷಿಪಡುತ್ತಿದ್ದರು. ನಿಧಾನಪ್ಪ ಫಲಕದ ಕಡೆ ನೋಡದೆ ಹಾದುಹೋಗತೊಡಗಿದ.

ಅವನಿಗೆ ಅಪ್ಪ ನೆನಪಾಗುತ್ತಿದ್ದರು. ಅಪ್ಪ ದರ್ಜಿ. ಐವತ್ತು ದಾಟಿದ ಮೇಲೆ ಮೇಜಿನ ಎಡಗಡೆ ಇಟ್ಟ ಕತ್ತರಿ ಅವರಿಗೆ ಸಿಗುತ್ತಿರಲಿಲ್ಲ. ಬಾಗಿಲಿನ ಚೌಕಟ್ಟಿಗೆ ಭುಜ ತಾಗುತ್ತಿತ್ತು. "ಮಗಾ, ಬಾಗ್ಲು ಎರಡೂ ಕಡೆಯಿಂದ ಮುಚ್ಕೊಂಡು ಬರ್ತಿದೆ ಕಣೋ," ಎಂದು ಒಂದು ದಿನ ಹೇಳಿದ್ದರು. ಮನೆಯವರು ವಯಸ್ಸಾಯಿತು ಎಂದುಕೊಂಡರು. ಕೊನೆಗೆ ಅಪ್ಪನಿಗೆ ಉಳಿದದ್ದು ಬೀಗದ ಕಿಂಡಿಯಷ್ಟು ಬೆಳಕು. ಆಮೇಲೆ ಅದೂ ಇಲ್ಲ. ಏಳು ವರ್ಷ ಮಗನೇ ಅವರ ಕೈ ಹಿಡಿದು ತಟ್ಟೆಯ ಮೇಲಿಟ್ಟು, ಇಲ್ಲಿ ಅನ್ನ, ಇಲ್ಲಿ ಪಲ್ಯ ಎಂದು ತೋರಿಸಿದ್ದ.

ಈಗ ಅವನದೇ ಎಡ ಭುಜದ ಮೇಲೆ ಒಂದು ಹಸಿರುಗಟ್ಟಿದ ಕಲೆ ಇತ್ತು. ಬಚ್ಚಲಮನೆಯ ಬಾಗಿಲಿಗೆ ತಾಗಿದ್ದು. ಅದು ಆರುವ ಮೊದಲೇ ಪಕ್ಕದಲ್ಲಿ ಇನ್ನೊಂದು.

"ಏನ್ರೀ ಇದು, ಯಾರ ಹತ್ರ ಗುದ್ದಾಡ್ಕೊಂಡು ಬಂದ್ರಿ?" ಎಂದು ಹೆಂಡತಿ ಕೇಳಿದಳು.

"ಬಸ್ಸಿನ ಬಾಗ್ಲು ತಾಗ್ತು."

"ಮೊನ್ನೆ ಹಾಲಿನ ಪಾತ್ರೆ ಕೆಡವಿದ್ರಿ. ನಿನ್ನೆ ನಾನು ಪಕ್ಕದಲ್ಲೇ ಕೂತಿದ್ದೆ, 'ಎಲ್ಲಿ ಹೋದೆ' ಅಂತ ಕೂಗಿದ್ರಿ. ಕಣ್ಣು ತೋರಿಸ್ಕೊಂಡು ಬನ್ನಿ."

"ಕಣ್ಣಿಗೇನಾಗಿದೆ? ಮೊನ್ನೆ ತಾನೇ ಪರೀಕ್ಷೆ ಆಯ್ತಲ್ಲ."

ಅದು ಸುಳ್ಳಲ್ಲ. ಮೋಟಾರು ವಿಭಾಗದಲ್ಲಿ ವರ್ಷಕ್ಕೊಮ್ಮೆ ಡ್ರೈವರುಗಳಿಗೆ ಅಕ್ಷರದ ಹಲಗೆ ತೋರಿಸುತ್ತಿದ್ದರು. ಅವನು ಕೊನೆಯ ಸಾಲನ್ನೂ ಗಟಗಟ ಓದಿದ್ದ. ಎದುರಿಗಿದ್ದದ್ದು ಅವನಿಗೆ ಗಿಡುಗನ ಕಣ್ಣಿಗೆ ಕಾಣುವಂತೆ ಕಾಣುತ್ತಿತ್ತು. ಪರೀಕ್ಷೆಯಲ್ಲಿ ಪಾಸಾದ ಕಾಗದ ಅವನ ಜೇಬಿನಲ್ಲೇ ಇತ್ತು. ಭಯವಾದಾಗಲೆಲ್ಲ ಬೆರಳಿನಿಂದ ಮುಟ್ಟಿ ನೋಡಿಕೊಳ್ಳುತ್ತಿದ್ದ.

ಅವನು ತನ್ನದೇ ಉಪಾಯಗಳನ್ನು ಕಂಡುಕೊಂಡ. ಕತ್ತನ್ನು ಗಳಿಗೆಗೊಮ್ಮೆ ಎಡಕ್ಕೆ ಬಲಕ್ಕೆ ತಿರುಗಿಸುತ್ತಿದ್ದ. ಮೆಕ್ಯಾನಿಕ್ಕಿಗೆ ಹೇಳಿ ಎಡಗಡೆ ಇನ್ನೊಂದು ದುಂಡು ಕನ್ನಡಿ ಹಾಕಿಸಿದ. ತಿರುವಿನಲ್ಲಿ ಬಸ್ಸನ್ನು ಮನುಷ್ಯರ ನಡಿಗೆಗೆ ಇಳಿಸುತ್ತಿದ್ದ.  ಷೆಡ್ಡಿನಲ್ಲಿ ಬಸ್ಸು ಹತ್ತಿ ಕೀಲಿ ತಿರುಗಿಸುವ ಮೊದಲು ಎರಡು ನಿಮಿಷ ಸುಮ್ಮನೆ ಕೂರುತ್ತಿದ್ದ. ಇವತ್ತೊಂದು ದಿನ ದಾಟಿದರೆ ಸಾಕು. ಹೀಗೆ ಮೂರು ತಿಂಗಳು ಒಂದೊಂದೇ ದಿನ ದಾಟಿದ. ಒಬ್ಬರಿಗೂ ಹೇಳಲಿಲ್ಲ. ಡ್ರೈವರು ಕಣ್ಣು ಕಾಣುವುದಿಲ್ಲ ಎಂದರೆ ಅವನು ಮತ್ತೇನು?

ಆ ಗುರುವಾರ ಒಂಬತ್ತು ಗಂಟೆ ಐದು ನಿಮಿಷಕ್ಕೆ ಬಸ್ಸು ರಸಾಯನಶಾಸ್ತ್ರ ಕಟ್ಟಡದ ತಿರುವಿಗೆ ಬಂತು. ಅಲ್ಲಿ ಎಡಕ್ಕೆ ತಿರುಗಿದರೆ ಗ್ರಂಥಾಲಯದ ನಿಲ್ದಾಣ. ನಿಧಾನಪ್ಪ ಸಿಗ್ನಲ್ ಹಾಕಿದ. ದೊಡ್ಡ ಕನ್ನಡಿ ನೋಡಿದ, ಖಾಲಿ. ದುಂಡು ಕನ್ನಡಿ ನೋಡಿದ, ಖಾಲಿ. ಕತ್ತು ತಿರುಗಿಸಿದ, ತಿರುಗಿಸಿದೆ ಎಂದೇ ಅವನಿಗೆ ಕೊನೆಯವರೆಗೂ ನೆನಪು. ನಿಧಾನವಾಗಿ ಸ್ಟೀರಿಂಗು ಎಳೆದ.

ಡಬ್ಬಿಯ ಮುಚ್ಚಳ ಬಿದ್ದಷ್ಟೇ ಸದ್ದು. ಆಮೇಲೆ ಹೆಂಡತಿ ಕಿರುಚಿದಳು.

ಅವನು ಇಳಿದು ನೋಡಿದ. ಬಾಗಿಲಿನ ಕೆಳಗೆ ಸೈಕಲ್ಲು ಮಗುಚಿಬಿದ್ದಿತ್ತು. ಅದರಾಚೆ, ಕಲ್ಲಿನ ಅಂಚಿಗೆ ಒರಗಿ, ಎಡಗೈಯನ್ನು ಬಲಗೈಯಲ್ಲಿ ಎತ್ತಿ ಹಿಡಿದುಕೊಂಡು ಗಾಜಕ್ಕ ಕೂತಿದ್ದಳು. ರಸಾಯನಶಾಸ್ತ್ರದವರಿಗೆ ಬೇಕಾದ ಗಾಜಿನ ಕೊಳವೆ, ಬುಡ್ಡಿ, ಸುರುಳಿಗಳನ್ನು ಬೆಂಕಿಯ ಮೇಲೆ ಊದಿ ಮಾಡಿಕೊಡುವವಳು. ಇಡೀ ವಿಶ್ವವಿದ್ಯಾಲಯಕ್ಕೆ ಆ ಕೆಲಸ ಬಲ್ಲವಳು ಅವಳೊಬ್ಬಳೇ. ನಲವತ್ತರ ಆಸುಪಾಸು. ಅವಳ ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು. ಮಣಿಕಟ್ಟು ತಿರುಗಬಾರದ ಕಡೆಗೆ ತಿರುಗಿತ್ತು.

"ನಾನು ನೋಡ್ದೆ, ನಾನು ನೋಡ್ದೆ!" ಎಂದು ಗುಮಾಸ್ತ ಹಿಂದಿನಿಂದ ಕೂಗುತ್ತಾ ಇಳಿದ. "ನಿಧಾನಪ್ಪಂದು ಏನೂ ತಪ್ಪಿಲ್ಲ. ಆಯಮ್ಮನೇ ಸಂದಿಲಿ ನುಗ್ಗಿದ್ದು."

ತಿರುವಿಗೆ ಮೊದಲು ಒಳಗಿನ ಕನ್ನಡಿಯಲ್ಲಿ ಗುಮಾಸ್ತನ ಮುಖದ ತುಂಬ ಪತ್ರಿಕೆ ಹರಡಿದ್ದನ್ನು ನಿಧಾನಪ್ಪ ಕಂಡಿದ್ದ. ಅವನು ಏನನ್ನೂ ನೋಡಿರಲು ಸಾಧ್ಯವಿರಲಿಲ್ಲ. ಅದು ಸ್ನೇಹದ ಸುಳ್ಳು. ಆದರೆ ಉಳಿದವರು ತಲೆಯಾಡಿಸಿದರು. ನಿಧಾನಪ್ಪನಿಂದ ತಪ್ಪಾಗುತ್ತದೆ ಎಂದು ಯಾರು ನಂಬುತ್ತಾರೆ?

ಮೋಟಾರು ವಿಭಾಗದ ಅಧಿಕಾರಿ ಹೇಳಿಕೆ ಬರೆಸಿಕೊಂಡರು. "ಹೇಗಾಯ್ತು ಹೇಳು."

"ಒಮ್ಮೆಲೇ ಬಂದ್ಬಿಟ್ರು ಸರ್."

ಅದನ್ನೇ ಅವರು ಬರೆದುಕೊಂಡರು. ಅವನು ಸಹಿ ಹಾಕಿದ. ಅವನ ಪಾಲಿಗೆ ಅದು ಸುಳ್ಳೂ ಆಗಿರಲಿಲ್ಲ. ಮೂರು ತಿಂಗಳಿಂದ ಎಲ್ಲರೂ ಅವನಿಗೆ ಒಮ್ಮೆಲೇ ಬರುತ್ತಿದ್ದರು.

ಶನಿವಾರ ಸಂಜೆ ಅವನೂ ಹೆಂಡತಿಯೂ ಆಸ್ಪತ್ರೆಗೆ ಹೋದರು. ಗಾಜಕ್ಕನ ಕೈಗೆ ಬೆರಳ ಬುಡದಿಂದ ಮೊಣಕೈವರೆಗೆ ಪ್ಲಾಸ್ಟರು. ಅವನನ್ನು ನೋಡಿದ ಕೂಡಲೇ ಅವಳು ಎದ್ದು ಕೂರಲು ಹೋದಳು.

"ಅಣ್ಣಾ, ನನ್ನಿಂದ ನಿಮಗೆ ಕೆಟ್ಟ ಹೆಸರು ಬಂತಲ್ಲ. ನಾನು ನೇರಕ್ಕೇ ಹೋಗ್ತಿದ್ದೆ ಅನ್ಸುತ್ತೆ. ಆದ್ರೆ ಎಲ್ಲರೂ ಹೇಳ್ತಿದ್ದಾರೆ, ನಾನೇ ನುಗ್ಗಿದ್ದು ಅಂತ. ಏನೋ ಯೋಚನೇಲಿ ಇದ್ನೇನೋ. ನಿಮ್ಮ ಕಣ್ಣು ತಪ್ಪಿಸಿ ಯಾರಾದ್ರೂ ಹೋಗೋಕಾಗುತ್ತಾ?"

 ನಿಧಾನಪ್ಪ ತಂದಿದ್ದ ಹಣ್ಣಿನ ಚೀಲವನ್ನು ಎಲ್ಲಿಡಬೇಕೆಂದು ತೋಚದೆ ಹಿಡಿದುಕೊಂಡೇ ಕೂತ.

"ಕೈ ಏನಂತಾರಮ್ಮ ಡಾಕ್ಟರು?" ಎಂದು ಹೆಂಡತಿ ಕೇಳಿದಳು.

"ಆರು ವಾರ ಆಗ್ಲಿ ಅಂತಾರೆ. ಬಲಗೈ ಆಗಿದ್ರೆ ಹೆಂಗೋ ನಡೀತಿತ್ತಕ್ಕ. ನಮ್ಮ ಕೆಲಸದಲ್ಲಿ ಎಡಗೈನೇ ಮುಖ್ಯ. ಕೊಳವೇನ ಬೆಂಕಿ ಮೇಲೆ ತಿರುಗಿಸ್ತಾನೇ ಇರ್ಬೇಕು, ಒಂದೇ ಸಮ. ಕಣ್ಣು ಮಿಟುಕಿಸೋಷ್ಟು ನಿಂತ್ರೂ ಗಾಜು ಜೋತು ಬೀಳುತ್ತೆ." ಅವಳು ಬಲಗೈಯ ಬೆರಳುಗಳನ್ನು ಗಾಳಿಯಲ್ಲಿ ಹೊರಳಿಸಿ ತೋರಿಸಿದಳು. "ಈ ಕೈ ಮತ್ತೆ ಹಂಗೆ ತಿರುಗುತ್ತೋ ಇಲ್ವೋ."

ಸೋಮವಾರ ಸುತ್ತೋಲೆ ಬಂತು. ಒಳರಸ್ತೆಯಲ್ಲಿ ಸೈಕಲ್ ನಿಷೇಧಿಸುವ ಬಗ್ಗೆ ಹಾಗೂ ಪ್ರಯಾಣ ಯೋಜನೆಯನ್ನು ಸದ್ಯಕ್ಕೆ ನಿಲ್ಲಿಸುವ ಬಗ್ಗೆ ಮುಂದಿನ ಸೋಮವಾರ ಸಮಿತಿ ಸೇರುತ್ತದೆ. ಅಜಾಗರೂಕತೆಯಿಂದ ಸವಾರಿ ಮಾಡಿದ ಗಾಜು ವಿಭಾಗದ ಸಿಬ್ಬಂದಿಗೆ ಕಾರಣ ಕೇಳಿ ನೋಟಿಸು ಕೊಡಲಾಗಿದೆ. ಕಾರು ಬಿಟ್ಟು ಬರಲು ಮೊದಲಿನಿಂದ ಮುಖ ಸಿಂಡರಿಸುತ್ತಿದ್ದವರಿಗೆಲ್ಲ ಬಾಯಿ ಬಂತು. ನಾವು ಆಗಲೇ ಹೇಳಿರಲಿಲ್ಲವೇ ಎಂದು ಕಾರಿಡಾರಿನಲ್ಲಿ ನಿಂತು ಮಾತಾಡಿದರು. ಭೂಗೋಳದ ಮೇಡಂ ಆ ವಾರ ಫಲಕದಲ್ಲಿ ಲೆಕ್ಕ ಹಚ್ಚಲಿಲ್ಲ.

ಬಸ್ಸನ್ನು ಎರಡು ದಿನ ತಪಾಸಣೆಗೆ ನಿಲ್ಲಿಸಿ, ದೋಷವಿಲ್ಲ ಎಂದು ಮತ್ತೆ ಬಿಟ್ಟರು. ನಿಧಾನಪ್ಪ ಮತ್ತೆ ಸ್ಟೀರಿಂಗು ಹಿಡಿದ. ಹತ್ತುವವರೆಲ್ಲ ಬೆನ್ನು ತಟ್ಟಿದರು. "ಧೈರ್ಯವಾಗಿರಪ್ಪಾ, ನಿಂದೇನೂ ತಪ್ಪಿಲ್ಲ." ಒಬ್ಬೊಬ್ಬರು ತಟ್ಟಿದಾಗಲೂ ಅವನು ಕನ್ನಡಿ ಸರಿಪಡಿಸುವ ನೆವದಲ್ಲಿ ಮುಖ ತಿರುಗಿಸುತ್ತಿದ್ದ. ಹಾಗೆ ಮೂರು ದಿನ ಓಡಿಸಿದ. ಮುಂದೆ ತನ್ನ ಜೀವನದಲ್ಲಿ ಅವನು ಆ ಅಪಘಾತಕ್ಕಿಂತ ಆ ಮೂರು ದಿನಗಳನ್ನು ನೆನೆದೇ ಹೆಚ್ಚು ನಾಚಿದ. ಗುರುವಾರದ ತನಕ ಗೊತ್ತಿರಲಿಲ್ಲ ಎನ್ನಬಹುದಿತ್ತು. ಆಮೇಲೆ ಹಾಗೆನ್ನಲು ಬಾಯಿರಲಿಲ್ಲ. ಮೂರನೆಯ ದಿನ ಆ ತಿರುವಿನಲ್ಲಿ ಅವನು ಬಸ್ಸನ್ನು ಪೂರ್ತಿ ನಿಲ್ಲಿಸಿಬಿಟ್ಟ. ಮುಂದೆ ಯಾರೂ ಇರಲಿಲ್ಲ, ಪಕ್ಕದಲ್ಲೂ ಯಾರೂ ಕಾಣಲಿಲ್ಲ. ಕಾಣದಿರುವುದೇ ಅವನನ್ನು ಹೆದರಿಸಿತು. ಹಿಂದಿನ ವಾಹನಗಳು ಹಾರನ್ ಹೊಡೆದವು. 

"ಮುಂದೆ ಹೋಗಿ ರೀ," ಎಂದು ಹೆಂಡತಿ ತಗ್ಗಿದ ದನಿಯಲ್ಲಿ ಹೇಳಿದಳು. "ಎಡಗಡೆ ಯಾರೂ ಇಲ್ಲ. ನಾನು ನೋಡ್ತಿದೀನಿ."

ಅವನು ಬಸ್ಸು ಬಿಟ್ಟ. ಉಳಿದ ದಾರಿಯುದ್ದಕ್ಕೂ ಅವಳು ಎಡಗಡೆಯ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ.

ಸಂಜೆ ಮನೆಗೆ ಬಂದ ಮೇಲೆ ಅವಳು ಬಾಗಿಲು ಹಾಕಿ, ಅವನನ್ನು ಕುರ್ಚಿಯಲ್ಲಿ ಕೂರಿಸಿದಳು. "ಎದುರುಗಡೆ ಕ್ಯಾಲೆಂಡರ್ ನೋಡ್ತಾ ಇರಿ. ಕತ್ತು ಆ ಕಡೆ ಈ ಕಡೆ ಮಾಡ್ಬೇಡಿ. ನನ್ನ ಕೈ ಕಂಡಾಗ ಹೇಳಿ."

ಅವನು ಕ್ಯಾಲೆಂಡರ್ ನೋಡುತ್ತಾ ಕೂತ. ಅವಳು ಎಲ್ಲೋ ಹಿಂದೆ ನಿಂತಿದ್ದಳು. ಸ್ವಲ್ಪ ಹೊತ್ತಾಯಿತು. ಬೀದಿಯಲ್ಲಿ ಯಾರೋ ತರಕಾರಿ ಕೂಗಿಕೊಂಡು ಹೋದರು.

"ಶುರು ಮಾಡೇ," ಎಂದ ಅವನು.

ಅವನು ಕ್ಯಾಲೆಂಡರಿನ ತಾರೀಕುಗಳನ್ನು ಎಣಿಸಿ ಮುಗಿಸಿದ.

"ಲೇ, ಎಲ್ಲಿದ್ದೀಯ?"

"ಕೈ ಇಲ್ಲೇ ಇದೆಯಲ್ರೀ," ಎಂದಳು. ಅವಳ ದನಿ ಒಡೆಯಿತು. ಅವನು ಗಾಬರಿಯಾಗಿ ಕತ್ತು ತಿರುಗಿಸಿದ. ಬೈಂಡಿಂಗಿನ ಅಂಟು ಮೆತ್ತಿದ್ದ ಅವಳ ಐದು ಬೆರಳುಗಳು ಅವನ ಎಡ ಕೆನ್ನೆಯಿಂದ ಒಂದು ಮೊಳ ದೂರದಲ್ಲಿ, ಕಿವಿಗಿಂತ ಎಷ್ಟೋ ಮುಂದೆ, ಆಡುತ್ತಿದ್ದವು. ಅವಳು ಅಷ್ಟು ಹೊತ್ತೂ ಅಲ್ಲೇ ಕೈ ಆಡಿಸುತ್ತಿದ್ದಳು.

ಅವಳು ಅಲ್ಲೇ ನೆಲದ ಮೇಲೆ ಕೂತು ಅತ್ತಳು. "ಆಯಮ್ಮ ನಿಮಗೆ ಕಾಣಲೇ ಇಲ್ಲ, ಅಲ್ವಾ?"

"ಇಲ್ಲ ಕಣೇ," ಎಂದ. ಮೂರು ತಿಂಗಳಿಂದ ಎದೆಯಲ್ಲಿ ಕಟ್ಟಿಕೊಂಡಿದ್ದ ಮಾತು ಎರಡೇ ಪದದಲ್ಲಿ ಮುಗಿದುಹೋಯಿತು. ಆದರೆ ಹಗುರವಾಗಲಿಲ್ಲ. 

ಮಾರನೆಯ ದಿನ ರಜೆ ಹಾಕಿ ಕಣ್ಣಿನ ಆಸ್ಪತ್ರೆಗೆ ಹೋದರು. ಕಣ್ಣಿನ ಡಾಕ್ಟರು ವಯಸ್ಸಾದ ಹೆಂಗಸು, ಹೆಚ್ಚು ಮಾತಿಲ್ಲ. ಬಿಳಿ ಬಟ್ಟಲಿನಂಥ ಒಂದು ಯಂತ್ರದಲ್ಲಿ ಗದ್ದ ಇಡಿಸಿ, ಕೈಗೊಂದು ಗುಂಡಿ ಕೊಟ್ಟು, "ನಡುವಿನ ಚುಕ್ಕೆನೇ ನೋಡ್ತಿರಿ. ಸುತ್ತ ಎಲ್ಲಾದ್ರೂ ಬೆಳಕು ಮಿಣುಕಿದ್ರೆ ಒತ್ತಿ," ಎಂದರು. ಅವನು ಕಾದ. ಒಂದು ಮಿಣುಕಿತು, ಒತ್ತಿದ. ಇನ್ನೊಂದು, ಒತ್ತಿದ. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಯಂತ್ರ ಮಾತ್ರ ಟಿಕ್ ಟಿಕ್ ಎನ್ನುತ್ತಿತ್ತು. ಪ್ರತಿ ಟಿಕ್ಕಿಗೂ ಎಲ್ಲೋ ಒಂದು ಬೆಳಕು ಬಂದು ಹೋಗುತ್ತಿದೆ, ತನಗೆ ಕಾಣುತ್ತಿಲ್ಲ ಎಂಬುದು ಅವನಿಗೆ ಮೆಲ್ಲಗೆ ಅರ್ಥವಾಯಿತು. ಸುಳ್ಳೇ ಒತ್ತಿಬಿಡೋಣ ಎನ್ನಿಸಿತು. ಒತ್ತಲಿಲ್ಲ.

ಡಾಕ್ಟರು ಒಂದೊಂದು ಕಣ್ಣಿಗೆ ಎಷ್ಟು ಕಾಣುತ್ತದೆಂಬ ಎರಡು ಚಿತ್ರ ತೋರಿಸಿದರು. ನಡುವೆ ಬೆಳ್ಳಗೆ, ಅಂಚಿಗೆಲ್ಲ ಮಸಿ ಬಳಿದಂತೆ ಕಪ್ಪು. ಎಡಗಡೆ ಹೆಚ್ಚು.

"ಗ್ಲಾಕೋಮಾ. ಕಣ್ಣೊಳಗೆ ಒತ್ತಡ ಜಾಸ್ತಿಯಾಗಿ ನರ ಸಾಯ್ತಾ ಬರುತ್ತೆ. ನೋವಿರಲ್ಲ, ಅದಕ್ಕೇ ಗೊತ್ತಾಗಲ್ಲ. ಮನೇಲಿ ಯಾರಿಗಾದ್ರೂ ಇತ್ತಾ?"

"ನಮ್ಮ ತಂದೆಗೆ."

"ಹೋಗಿರೋದು ವಾಪಸ್ ಬರಲ್ಲ. ಇರೋದನ್ನ ಉಳಿಸ್ಕೋಬಹುದು. ದಿನಾ ಎರಡು ಹೊತ್ತು ಹನಿ ಹಾಕ್ಬೇಕು, ಒಂದು ದಿನವೂ ತಪ್ಪಿಸೋ ಹಾಗಿಲ್ಲ." ಅವರು ಬರೆಯುತ್ತಾ ಕೇಳಿದರು, "ಏನು ಕೆಲಸ?"

ಅವನು ಹೇಳಿದ. ಡಾಕ್ಟರ ಪೆನ್ನು ನಿಂತಿತು.

"ಇವತ್ತಿಂದ ಸ್ಟೀರಿಂಗ್ ಮುಟ್ಬೇಡಿ," ಎಂದರು.

ಸಮಿತಿಯ ಸಭೆಗೆ ಅವನನ್ನು ಯಾರೂ ಕರೆದಿರಲಿಲ್ಲ, ಹೇಳಿಕೆ ಬರೆದುಕೊಟ್ಟಾಗಿತ್ತಲ್ಲ. ಸೋಮವಾರ ಹನ್ನೊಂದಕ್ಕೆ ಅವನು ಆಡಳಿತ ಕಟ್ಟಡದ ಎರಡನೇ ಮಹಡಿಯಲ್ಲಿ, ಮುಚ್ಚಿದ ಬಾಗಿಲಿನ ಮುಂದೆ ನಿಂತಿದ್ದ. ಕೈಯಲ್ಲಿ ಆಸ್ಪತ್ರೆಯ ಚಿತ್ರಗಳಿದ್ದವು. ಹೆಂಡತಿ ಮೆಟ್ಟಿಲಿನ ಹತ್ತಿರ ನಿಂತಿದ್ದಳು. ಒಳಗೆ ಮೇಡಂ ದನಿ ಏರುತ್ತಿತ್ತು, ಇನ್ಯಾರೋ ಅದನ್ನು ತಗ್ಗಿಸುತ್ತಿದ್ದರು. ಈಗಲೂ ತಿರುಗಿ ಹೋಗಬಹುದು. ಅನಾರೋಗ್ಯ ಎಂದು ಬರೆದುಕೊಟ್ಟು, ತಾನಾಗಿಯೇ ಕೆಲಸ ಬಿಟ್ಟರೆ ಯಾರೂ ಏನೂ ಕೇಳುವುದಿಲ್ಲ. ಕಾಲು ಹಿಂದಕ್ಕೆ ಒಂದು ಹೆಜ್ಜೆ ಇಟ್ಟಿತು ಕೂಡ. ಅಷ್ಟರಲ್ಲಿ ಒಳಗಿನಿಂದ ಗಾಜಕ್ಕನ ದನಿ ಕೇಳಿಸಿತು. "ಹೌದು ಸರ್, ನಾನೇ ಎಚ್ಚರ ತಪ್ಪಿರ್ಬೇಕು. ಕ್ಷಮಿಸಿ ಸರ್."

ಅವನು ಬಾಗಿಲು ತಳ್ಳಿದ.

ಉದ್ದ ಮೇಜಿನ ಸುತ್ತ ಎಂಟು ಜನ ತಿರುಗಿ ನೋಡಿದರು. ಕುಲಸಚಿವರು, ಮೇಡಂ, ಮೋಟಾರು ಅಧಿಕಾರಿ, ಸಾಕ್ಷಿಯಾಗಿ ಬಂದ ಗುಮಾಸ್ತ. ಮೇಜಿನ ತುದಿಯಲ್ಲಿ ಕೈಯನ್ನು ಕೊರಳಿಗೆ ಕಟ್ಟಿದ ಬಟ್ಟೆಯ ಜೋಳಿಗೆಗೆ ಹಾಕಿಕೊಂಡು ನಿಂತ ಗಾಜಕ್ಕ.

"ಏನಪ್ಪಾ?" ಎಂದರು ಕುಲಸಚಿವರು.

"ಸರ್, ಅವರದ್ದು ತಪ್ಪಿಲ್ಲ. ನನಗೆ ಅವರು ಕಾಣಲಿಲ್ಲ. ನನಗೆ ಎಡಗಡೆ ಕಾಣೋದೇ ಇಲ್ಲ." ಚಿತ್ರಗಳನ್ನು ಮೇಜಿನ ಮೇಲಿಟ್ಟ. "ಮೂರು ತಿಂಗಳಿಂದ ನನಗೆ ಅನುಮಾನ ಇತ್ತು."

 ಗುಮಾಸ್ತ ತನ್ನ ಪಾದ ನೋಡಿಕೊಂಡ. ಕುಲಸಚಿವರು ಚಿತ್ರವನ್ನು ಎತ್ತಿ, ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು. ಮೂರು ತಿಂಗಳು ದಿನಾ ತಾವು ಆ ಬಸ್ಸಿನಲ್ಲಿ ಕೂತು ಬಂದದ್ದು ಅವರಿಗೆ ನೆನಪಾಗಿರಬೇಕು. ಮುಖದ ಬಣ್ಣ ಇಳಿಯಿತು.

"ಯಾಕಯ್ಯಾ ಮೊದಲೇ ಹೇಳ್ಲಿಲ್ಲ?"

"ಹೆದರಿಕೆ ಸರ್."

"ಕೆಲಸ ಹೋಗುತ್ತೆ ಅಂತಾನಾ?"

"ಅದೂ ಹೌದು." ಅವನು ಇನ್ನೊಂದು ಚಿತ್ರದ ಕಪ್ಪು ಅಂಚಿನ ಮೇಲೆ ಬೆರಳಿಟ್ಟ. "ನಮ್ಮಪ್ಪ ಹೀಗೇ ಕುರುಡಾದ್ರು ಸರ್. ಹೇಳಿದ್ರೆ ನಂಗೂ ಅದೇ ಅಂತ ಆಗ್ಬಿಡುತ್ತಲ್ಲ. ಅದಕ್ಕೇ ಹೇಳ್ಲಿಲ್ಲ."

ಗಾಜಕ್ಕ ಮೇಜನ್ನು ಸುತ್ತಿಕೊಂಡು ಬಂದು ಅವನ ಎದುರಿಗೆ ನಿಂತಳು. ಅವಳ ಮುಖದಲ್ಲಿ ಸಿಟ್ಟು ಇನ್ನೂ ಪೂರ್ತಿ ಬಂದಿರಲಿಲ್ಲ, ಬರುತ್ತಾ ಇತ್ತು.

"ನನ್ನ ಹಾಸಿಗೆ ಪಕ್ಕ ಕೂತಿದ್ರಲ್ಲ ಅಣ್ಣಾ. ಆಗ ಗೊತ್ತಿತ್ತಾ?"

"ಗೊತ್ತಿತ್ತಮ್ಮ."

"ನಾನು ಕ್ಷಮೆ ಕೇಳ್ತಾ ಇದ್ದೆ. ನೀವು ಕೇಳಿಸ್ಕೊಂಡು ಕೂತಿದ್ರಿ."

 ಅವಳು ಹೊರಗೆ ಹೋದಳು. ಮೆಟ್ಟಿಲಲ್ಲಿ ನಿಂತಿದ್ದ ಹೆಂಡತಿಯ ಪಕ್ಕದಲ್ಲೇ ಹಾದು ಇಳಿದಳು, ಅವಳನ್ನೂ ಮಾತಾಡಿಸಲಿಲ್ಲ.

ನೋಟಿಸು ರದ್ದಾಯಿತು. ನಿಧಾನಪ್ಪ ಅಮಾನತಾದ. ವಿಚಾರಣೆ ಮೂರು ತಿಂಗಳು ನಡೆಯಿತು. ಬರೀ ಅಕ್ಷರದ ಹಲಗೆ ತೋರಿಸಿ ಡ್ರೈವರುಗಳನ್ನು ರಸ್ತೆಗೆ ಬಿಟ್ಟ ವಿಭಾಗದ್ದೂ ತಪ್ಪಿದೆ ಎಂದು ವರದಿ ಬಂತು. ಆದರೆ ಅಪಘಾತದ ನಂತರ ಮೂರು ದಿನ ಓಡಿಸಿದ್ದಕ್ಕೆ ಅವನಿಗೆ ಲಿಖಿತ ಛೀಮಾರಿ ಸಿಕ್ಕಿತು. ಅವನು ಅದನ್ನು ಎರಡು ಸಲ ಓದಿ, ಸರಿಯಾಗಿಯೇ ಬರೆದಿದ್ದಾರೆ ಎಂದು ಹೆಂಡತಿಗೆ ಕೊಟ್ಟ. ಭೂಗೋಳದ ಮೇಡಂ ಹಟ ಹಿಡಿದು ಎಲ್ಲ ಡ್ರೈವರುಗಳಿಗೂ ಅದೇ ಬಿಳಿ ಬಟ್ಟಲಿನ ಪರೀಕ್ಷೆ ಮಾಡಿಸಿದರು. ಆರನೇ ನಂಬರಿನ ಬಸ್ಸಿನ ಡ್ರೈವರಿಗೂ ಅದು ಶುರುವಾಗಿತ್ತು, ಅವನಿಗಿನ್ನೂ ಮೂವತ್ತೆಂಟು. ಮೊದಲ ಹಂತದಲ್ಲೇ ಸಿಕ್ಕಿದ್ದರಿಂದ ಹನಿಯಲ್ಲೇ ತಡೆಯಬಹುದು ಎಂದರು. ರಸಾಯನಶಾಸ್ತ್ರದ ತಿರುವಿನಲ್ಲಿ ಸೈಕಲ್ಲಿಗೆಂದೇ ಬೇರೆ ದಾರಿ ಬಂತು, ಬಸ್ಸು ಹತ್ತಲಾರದಂತೆ ಕಲ್ಲಿನ ಕಟ್ಟೆ ಕಟ್ಟಿದರು. ಯೋಜನೆ ನಿಲ್ಲಲಿಲ್ಲ.

ನಿಧಾನಪ್ಪನನ್ನು ಸೈಕಲ್ ಷೆಡ್ಡಿಗೆ ಹಾಕಿದರು. ಬೆಳಗ್ಗೆ ಸೈಕಲ್ ಎಣಿಸಿ ಕೊಡುವುದು, ಸಂಜೆ ಎಣಿಸಿ ತೆಗೆದುಕೊಳ್ಳುವುದು, ಪಂಕ್ಚರು ಹಾಕುವುದು. ಎದುರಿಗಿಟ್ಟುಕೊಂಡು ಮಾಡುವ ಕೆಲಸವಾದ್ದರಿಂದ ಕಣ್ಣು ಸಾಲುತ್ತಿತ್ತು. ಅವನೂ ಹೆಂಡತಿಯೂ ಈಗ ನಡೆದೇ ಬರುತ್ತಿದ್ದರು. ಅವಳು ಯಾವಾಗಲೂ ಅವನ ಎಡಕ್ಕೆ. ಭಯ ಮಾತ್ರ ಹೋಗಲಿಲ್ಲ. ಹಿಂದಿನಿಂದ ಬೆಲ್ ಕೇಳಿದರೆ ಸಾಕು, ನಿಂತಲ್ಲೇ ನಿಂತುಬಿಡುತ್ತಿದ್ದ. ಬೆಳಗ್ಗೆ ಹನಿ ಹಾಕಿಕೊಂಡ ಮೇಲೆ ಕ್ಯಾಲೆಂಡರಿನ ಮುಂದೆ ಕೂತು, ತನ್ನದೇ ಬೆರಳನ್ನು ಕಿವಿಯ ಕಡೆಯಿಂದ ಮೆಲ್ಲಗೆ ಮುಂದಕ್ಕೆ ತರುತ್ತಾ, ಎಲ್ಲಿ ಕಾಣುತ್ತದೆ ಎಂದು ಅಳೆಯುತ್ತಿದ್ದ. ಒಂದೊಂದು ದಿನ ನಿನ್ನೆಗಿಂತ ತಡವಾಗಿ ಕಂಡಂತಾಗಿ ಮತ್ತೆ ಮತ್ತೆ ಅಳೆಯುತ್ತಿದ್ದ. ನಾಲ್ಕು ತಿಂಗಳಿಗೊಮ್ಮೆ ಡಾಕ್ಟರ ಬಳಿ ಹೋಗಬೇಕಿತ್ತು. ಎರಡು ಸಲ ಹೋಗಿ ಬಂದಿದ್ದ. ಎರಡು ಸಲವೂ ಡಾಕ್ಟರು ಹಳೆಯ ಚಿತ್ರ ಹೊಸ ಚಿತ್ರ ಪಕ್ಕಪಕ್ಕ ಇಟ್ಟು, "ಅಷ್ಟೇ ಇದೆ, ಮುಂದುವರಿದಿಲ್ಲ," ಎಂದಿದ್ದರು.

ಗಾಜಕ್ಕ ಅಲ್ಲಿಯವರೆಗೂ ಅವನ ಕಣ್ಣೆದುರು ಸುಳಿದಿರಲಿಲ್ಲ. ಮಣಿಕಟ್ಟು ಮುಕ್ಕಾಲು ಪಾಲು ತಿರುಗುತ್ತದಂತೆ, ಸಣ್ಣ ಸುರುಳಿ ಮಾತ್ರ ಇನ್ನೂ ಕೈಗೆ ಬರುತ್ತಿಲ್ಲವಂತೆ ಎಂದು ಯಾರೋ ಹೇಳಿದ್ದರು. ಅಪಘಾತವಾಗಿ ಹತ್ತು ತಿಂಗಳಾದ ಮೇಲೆ ಒಂದು ಬೆಳಗ್ಗೆ ಅವಳು ಷೆಡ್ಡಿಗೆ ಬಂದು ನಿಂತಳು.

"ಒಂದು ಸೈಕಲ್ ಕೊಡಿ."

ಅವನು ಬ್ರೇಕು ಎರಡೆರಡು ಸಲ ನೋಡಿ ಒಂದನ್ನು ತಂದುಕೊಟ್ಟ. ಅವಳು ಹ್ಯಾಂಡಲ್ ಹಿಡಿದು ಸ್ವಲ್ಪ ಹೊತ್ತು ನಿಂತಳು.  ಆಮೇಲೆ ವಾಪಸ್ ಕೊಟ್ಟು ಹೋದಳು. ಮಾರನೆಯ ದಿನವೂ ಬಂದಳು, ವಾಪಸ್ ಕೊಟ್ಟಳು. ಮೂರನೆಯ ದಿನ ಕೊಡುವಾಗ, "ಬಸ್ಸಿನ ಸದ್ದು ಕೇಳಿದ್ರೆ ಕಾಲು ಮೇಲೇಳಲ್ಲ," ಎಂದಳು, ಅವನಿಗೆ ಹೇಳಿದಂತೆಯೂ ಅಲ್ಲ.

"ನಂಗೂ ಬೆಲ್ ಕೇಳಿದ್ರೆ ಹಾಗೇ ಆಗುತ್ತಮ್ಮ," ಎಂದ ನಿಧಾನಪ್ಪ.

ಅವಳು ಅವನನ್ನು ನೆಟ್ಟಗೆ ನೋಡಿದಳು. "ನಿಮ್ಮ ಮೇಲೆ ನಂಗೆ ಕೋಪ ಹೋಗಿಲ್ಲ."

"ಹೋಗ್ಬೇಕಾಗಿಲ್ಲಮ್ಮ."

"ತಿರುವಿನ ತನಕ ತಳ್ಕೊಂಡು ಹೋಗ್ತೀನಿ. ಜೊತೆಗೆ ಬನ್ನಿ."

ಅವನು ಷೆಡ್ಡಿಗೆ ಬೀಗ ಹಾಕಿದ. ಇಬ್ಬರೂ ಹೊರಟರು, ನಡುವೆ ಸೈಕಲ್ಲು. ಅವಳು ತಾನಾಗಿಯೇ ಅವನ ಎಡಕ್ಕೆ ಬಂದಳು. ತಿರುವು ಹತ್ತಿರವಾಗುವಾಗ ಹಿಂದಿನಿಂದ ನಾಲ್ಕನೇ ನಂಬರಿನ ಬಸ್ಸು ಬಂತು. ಇಬ್ಬರೂ ಒಟ್ಟಿಗೇ ನಿಂತುಬಿಟ್ಟರು.  ಅವನ ಬಲಗಾಲು ಇಲ್ಲದ ಬ್ರೇಕನ್ನು ನೆಲಕ್ಕೊತ್ತಿತು. ಬಸ್ಸು ಕಲ್ಲಿನ ಕಟ್ಟೆಯ ಆಚೆಗೆ ಮೆಲ್ಲಗೆ ತಿರುಗಿ ಗ್ರಂಥಾಲಯದ ಕಡೆ ಹೋಯಿತು.

"ಹೋಯ್ತಾ?" ಎಂದು ಅವನು ಕೇಳಿದ.

"ಹೋಯ್ತು," ಎಂದಳು ಗಾಜಕ್ಕ.

ಅವತ್ತು ಅವಳು ಸೈಕಲ್ ಹತ್ತಲಿಲ್ಲ. ಗಾಜಿನ ಕೋಣೆಯ ಬಾಗಿಲವರೆಗೂ ತಳ್ಳಿಕೊಂಡೇ ಹೋಗಿ, ಗೋಡೆಗೆ ಒರಗಿಸಿ, ಸಂಜೆ ತಂದುಕೊಡುತ್ತೇನೆ ಎಂದಳು. ಅವನು ಒಬ್ಬನೇ ಷೆಡ್ಡಿಗೆ ಹಿಂತಿರುಗಿದ. ಎಡಗಡೆ ಯಾರೂ ಇರಲಿಲ್ಲವಾದ್ದರಿಂದ ಪ್ರತಿ ಹತ್ತು ಹೆಜ್ಜೆಗೂ ನಿಂತು, ಪೂರ್ತಿ ತಿರುಗಿ ನೋಡಿ, ಆಮೇಲೆ ಮುಂದಿನ ಹೆಜ್ಜೆ ಇಟ್ಟ.